ಸೊಸೆಯನ್ನು ದೂರುವ ಮುನ್ನ: ಮಗು ಹುಟ್ಟುವ ಬಗೆಯನ್ನು ತಿಳಿಯೋಣ

ನಿಕಾಹ್ ಆಗಿ ಮೂರು ವರ್ಷವಾಯಿತು. ಮಗ ಗಲ್ಫ್‌ನಲ್ಲಿ, ಸೊಸೆ ಕಾಪುವಿನ ಮನೆಯಲ್ಲಿ. ಮದುವೆ ಮನೆಗೆ ಹೋದರೂ, ಮರಣದ ಮನೆಗೆ ಹೋದರೂ ಅವಳಿಗೆ ಎದುರಾಗುವ ಪ್ರಶ್ನೆ ಒಂದೇ: ಇನ್ನೂ ವಿಶೇಷ ಇಲ್ಲವೇ? ಮೂರು ವರ್ಷದಲ್ಲಿ ಗಂಡ ಊರಿಗೆ ಬಂದದ್ದು ಎರಡೇ ಸಲ. ಇಬ್ಬರೂ ಜೊತೆಗಿದ್ದ ದಿನಗಳನ್ನು ಕೂಡಿಸಿದರೆ ಮೂರು ತಿಂಗಳೂ ಆಗುವುದಿಲ್ಲ. ಆದರೆ ಊರಿನವರ ಲೆಕ್ಕದಲ್ಲಿ ಅದು ಮೂರು ವರ್ಷ.

ಕಾರ್ಕಳ ಕಡೆಯ ಇನ್ನೊಂದು ಮನೆಯಲ್ಲಿ ಮೂರನೆಯ ಮಗುವೂ ಹೆಣ್ಣು. ಹೆರಿಗೆಯಾದ ಹೆಂಡತಿಯ ಮುಖ ನೋಡದೆ ಗಂಡ ಹೊರಗೆ ಹೋಗುತ್ತಾನೆ. ಉಡುಪಿಯ ಮತ್ತೊಂದು ಮನೆಯಲ್ಲಿ ಹನ್ನೊಂದು ವರ್ಷದ ಹುಡುಗಿ ಶಾಲೆಯ ಶೌಚಾಲಯದಲ್ಲಿ ರಕ್ತ ಕಂಡು, ತನಗೆ ದೊಡ್ಡ ಕಾಯಿಲೆ ಬಂದಿದೆ ಎಂದುಕೊಂಡು ಯಾರಿಗೂ ಹೇಳದೆ ಅಳುತ್ತಾಳೆ.

ಇವು ಒಂದು ನಿರ್ದಿಷ್ಟ ಮನೆಯ ಕತೆಗಳಲ್ಲ. ನಾವೆಲ್ಲರೂ ಕೇಳಿರುವ, ಕೆಲವೊಮ್ಮೆ ನಾವೇ ಆಡಿರುವ ಮಾತುಗಳು. ಮೂರಕ್ಕೂ ಮೂಲ ಒಂದೇ. ಮಗು ಹೇಗೆ ಹುಟ್ಟುತ್ತದೆ, ಅದಕ್ಕಾಗಿ ಗಂಡು ಮತ್ತು ಹೆಣ್ಣಿನ ದೇಹದಲ್ಲಿ ಏನೇನು ನಡೆಯುತ್ತದೆ ಎಂಬ ಸಾಮಾನ್ಯ ತಿಳುವಳಿಕೆ ನಮ್ಮ ಮನೆಗಳಲ್ಲಿ ಇಲ್ಲ. ಆ ಕೊರತೆಯ ಭಾರವನ್ನು ಹೊರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಆದ್ದರಿಂದ ಈ ತಿಂಗಳು ಆ ವಿಷಯವನ್ನು ಗೌರವದ ಮಾತಿನಲ್ಲಿ, ಮನೆಮಂದಿ ಎಲ್ಲರೂ ಓದುವಂತೆ ವಿವರಿಸುತ್ತೇವೆ.

ನಾಚಿಕೆ ಕಲಿಕೆಗೆ ಅಡ್ಡಿಯಲ್ಲ

ಇದೆಲ್ಲಾ ಪತ್ರಿಕೆಯಲ್ಲಿ ಬರೆಯುವ ವಿಷಯವೇ ಎಂದು ಕೆಲವರು ಕೇಳಬಹುದು. ಉಮ್ಮು ಸುಲೈಮ್(ರ) ಪ್ರವಾದಿ(ಸ)ರ ಬಳಿಗೆ ಬಂದು, ಹೆಣ್ಣಿಗೆ ಸ್ವಪ್ನಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ನೇರವಾಗಿ ಕೇಳಿದ್ದರು. ಪ್ರವಾದಿ(ಸ) ಅವರನ್ನು ಗದರಿಸಲಿಲ್ಲ, ಸ್ಪಷ್ಟ ಉತ್ತರ ಕೊಟ್ಟರು. ಮಗು ತಾಯಿಯನ್ನೂ ಹೋಲುತ್ತದೆ ಎಂಬುದನ್ನು ಅದೇ ಸಂದರ್ಭದಲ್ಲಿ ನೆನಪಿಸಿದರು. ಅನ್ಸಾರಿ ಮಹಿಳೆಯರಿಗೆ ದೀನನ್ನು ಕಲಿಯಲು ನಾಚಿಕೆ ಅಡ್ಡಿಯಾಗಲಿಲ್ಲ ಎಂದು ಹಝ್ರತ್ ಆಯಿಶಾ(ರ) ಅವರನ್ನು ಹೊಗಳಿದ್ದಾರೆ.

ನಮ್ಮ ಮದ್ರಸಗಳಲ್ಲಿ ಹೈಳ್, ನಿಫಾಸ್, ಜನಾಬತ್ ಮತ್ತು ಗುಸ್ಲ್‌ನ ಪಾಠಗಳಿವೆ. ಮಕ್ಕಳು ವಿಧಿಗಳನ್ನು ಬಾಯಿಪಾಠ ಮಾಡುತ್ತಾರೆ. ಆ ವಿಧಿಗಳು ದೇಹದ ಯಾವ ಕ್ರಿಯೆಗೆ ಸಂಬಂಧಿಸಿವೆ ಎಂದು ಮಾತ್ರ ಅನೇಕರಿಗೆ ತಿಳಿದಿರುವುದಿಲ್ಲ. ಲಜ್ಜೆ ಎಂದರೆ ಮಾತಿನಲ್ಲಿ, ನಡೆಯಲ್ಲಿ ಇರಬೇಕಾದ ಮರ್ಯಾದೆ. ಗೊತ್ತಿಲ್ಲದೆ ಇರುವುದಕ್ಕೆ ಆ ಹೆಸರನ್ನು ಕೊಡಬಾರದು.

ಗಂಡಿನ ದೇಹದಲ್ಲಿ

ಗಂಡಿನ ಬೀಜಾಣು ತಯಾರಾಗುವುದು ಎರಡು ವೃಷಣಗಳಲ್ಲಿ. ಅವು ಹೊಟ್ಟೆಯೊಳಗಿರದೆ ಹೊರಗಿನ ಚೀಲದಲ್ಲಿ ಇರುವುದಕ್ಕೆ ಕಾರಣವಿದೆ. ವೀರ್ಯಾಣು ತಯಾರಾಗಲು ದೇಹದ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖ ಬೇಕು. ಗಂಡು ಮಗು ಹುಟ್ಟಿದಾಗ ಎರಡೂ ವೃಷಣಗಳು ಚೀಲಕ್ಕೆ ಇಳಿದಿವೆಯೇ ಎಂದು ವೈದ್ಯರು ನೋಡುವುದು ಇದಕ್ಕಾಗಿಯೇ. ಆರು ತಿಂಗಳಾದರೂ ಇಳಿಯದಿದ್ದರೆ ತಡಮಾಡದೆ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು. ದೊಡ್ಡವನಾದ ಮೇಲೆ ಸರಿಯಾದೀತು ಎಂದು ಕಾಯುವುದು ತಪ್ಪು.

ಒಂದು ವೀರ್ಯಾಣು ಪೂರ್ಣವಾಗಿ ಬೆಳೆಯಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಬಳಿಕ ಅದು ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳದಲ್ಲಿ ಬಲಿಯುತ್ತದೆ, ಉದ್ದದ ನಾಳದ ಮೂಲಕ ಮೇಲೆ ಸಾಗುತ್ತದೆ. ವೀರ್ಯಕೋಶಗಳು ಮತ್ತು ಪ್ರೊಸ್ಟೇಟ್ ಗ್ರಂಥಿಯ ದ್ರವ ಸೇರಿ ವೀರ್ಯವಾಗುತ್ತದೆ. ಹಾಗಾಗಿ ಇವತ್ತಿನ ವೀರ್ಯದ ಗುಣ ಎರಡು ಮೂರು ತಿಂಗಳ ಹಿಂದಿನ ಆರೋಗ್ಯವನ್ನು ಅವಲಂಬಿಸಿದೆ. ಜೋರು ಜ್ವರ, ಬೀಡಿ ಸಿಗರೇಟು, ಗುಟ್ಕಾ, ಜಿಮ್‌ನಲ್ಲಿ ಮೈ ಬೆಳೆಸಲು ಚುಚ್ಚಿಸಿಕೊಳ್ಳುವ ಸ್ಟಿರಾಯ್ಡ್, ಹತೋಟಿಯಲ್ಲಿಲ್ಲದ ಮಧುಮೇಹ, ದಿನವಿಡೀ ಬೆಂಕಿಯ ಮುಂದೆ ನಿಂತು ಮಾಡುವ ಕೆಲಸ, ಇವೆಲ್ಲ ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆಯ ಮೇಲೆ ಪರಿಣಾಮ ಬೀರಬಹುದು. ಒಳ್ಳೆಯ ಅಭ್ಯಾಸ ಆರಂಭಿಸಿದರೂ ಫಲ ಕಾಣಲು ಸುಮಾರು ಮೂರು ತಿಂಗಳು ಬೇಕು.

ಇನ್ನೊಂದು ಮಾತು. ಗಂಡಸಿಗೆ ದಾಂಪತ್ಯದಲ್ಲಿ ಯಾವ ತೊಂದರೆಯೂ ಇಲ್ಲ ಎಂದರೆ ವೀರ್ಯಾಣುಗಳೂ ಸಾಕಷ್ಟಿವೆ ಎಂದರ್ಥವಲ್ಲ. ಇವೆರಡು ಬೇರೆ ಬೇರೆ. ಕಣ್ಣಿಗೆ ಸಹಜವಾಗಿ ಕಾಣುವ ವೀರ್ಯದಲ್ಲೂ ವೀರ್ಯಾಣು ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಅದು ತಿಳಿಯುವುದು ಪರೀಕ್ಷೆಯಿಂದ ಮಾತ್ರ.

ಹೆಣ್ಣಿನ ದೇಹದಲ್ಲಿ

ಹೆಣ್ಣಿನ ಕಿಬ್ಬೊಟ್ಟೆಯಲ್ಲಿ ಎರಡು ಅಂಡಾಶಯಗಳು, ಅವುಗಳ ಪಕ್ಕದಿಂದ ಗರ್ಭಕೋಶದವರೆಗೆ ಎರಡು ಅಂಡನಾಳಗಳು, ನಡುವೆ ಗರ್ಭಕೋಶ ಇವೆ. ಅಂಡನಾಳ ಸುಮಾರು 10 ಸೆಂಟಿಮೀಟರ್ ಉದ್ದದ ತೆಳುವಾದ ಕೊಳವೆ. ಗರ್ಭಕೋಶ ಸಾಮಾನ್ಯ ದಿನಗಳಲ್ಲಿ ಮುಷ್ಟಿಗಿಂತ ಚಿಕ್ಕದು, ಏಳೆಂಟು ಸೆಂಟಿಮೀಟರ್ ಉದ್ದ. ಅದರ ಕೆಳಗಿನ ಬಾಯಿ ಯೋನಿಗೆ ತೆರೆದುಕೊಳ್ಳುತ್ತದೆ. ಮೂತ್ರದ ದಾರಿ ಬೇರೆಯೇ ಇದೆ. ಇದು ದೊಡ್ಡ ಹೆಂಗಸರಲ್ಲೂ ಹಲವರಿಗೆ ತಿಳಿದಿರುವುದಿಲ್ಲ.

ಗಂಡಿನಲ್ಲಿ ವೀರ್ಯಾಣುಗಳು ದಿನವೂ ಹೊಸದಾಗಿ ತಯಾರಾಗುತ್ತವೆ. ಹೆಣ್ಣು ಹಾಗಲ್ಲ. ಹುಟ್ಟುವಾಗಲೇ ಅವಳ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಗಳ ಮೊಳಕೆಗಳಿರುತ್ತವೆ. ಋತುಮತಿಯಾಗುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಇಡೀ ಜೀವನದಲ್ಲಿ ಬಲಿತು ಹೊರಬರುವುದು ಸುಮಾರು ನಾನೂರು ಮಾತ್ರ. ವಯಸ್ಸಾದಂತೆ, ಅದರಲ್ಲೂ 35ರ ನಂತರ, ಅಂಡಗಳ ಸಂಖ್ಯೆ ಮತ್ತು ಗುಣ ಎರಡೂ ಬೇಗ ಇಳಿಯುತ್ತವೆ.

ತಿಂಗಳ ಲೆಕ್ಕ, ರಜೆಯ ಲೆಕ್ಕ

ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ಅದು 21ರಿಂದ 35 ದಿನಗಳವರೆಗೆ ಇದ್ದರೆ ಸಹಜ. ಪ್ರತಿ ಚಕ್ರದಲ್ಲೂ ಗರ್ಭಕೋಶದ ಒಳಪದರ ಮಗುವಿಗೆ ಹಾಸಿಗೆ ಹಾಕಿದಂತೆ ದಪ್ಪವಾಗುತ್ತದೆ. ಗರ್ಭ ನಿಲ್ಲದಿದ್ದರೆ ಆ ಪದರವೇ ರಕ್ತದೊಂದಿಗೆ ಕಳಚಿ ಹೊರಬರುತ್ತದೆ. ಮುಟ್ಟು ಎಂದರೆ ಇದೇ. ಅದು ದೇಹದ ಕೊಳೆಯೂ ಅಲ್ಲ, ಕಾಯಿಲೆಯೂ ಅಲ್ಲ. ಆ ದಿನಗಳಲ್ಲಿ ನಮಾಝ್ ಮತ್ತು ಉಪವಾಸದಿಂದ ವಿನಾಯಿತಿ ಇದೆ. ಆದರೆ ಹೆಣ್ಣನ್ನು ಅಡುಗೆಮನೆಯಿಂದ, ಹಾಸಿಗೆಯಿಂದ, ಊಟದ ಪಂಕ್ತಿಯಿಂದ ದೂರವಿಡಲು ದೀನಿನಲ್ಲಿ ಆಧಾರವಿಲ್ಲ.

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಒಂದು ಅಂಡ ಹೊರಬರುತ್ತದೆ. ಹೊರಬಂದ ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ. ಹೆಣ್ಣಿನ ದೇಹದೊಳಗೆ ವೀರ್ಯಾಣು ಐದು ದಿನಗಳವರೆಗೂ ಬದುಕಬಲ್ಲದು. ಎರಡನ್ನೂ ಸೇರಿಸಿದರೆ ಒಂದು ಚಕ್ರದಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಸುಮಾರು ಆರು ಮಾತ್ರ. ಚಕ್ರ 28 ದಿನಗಳದ್ದಾದರೆ ಸುಮಾರು 9ನೇ ದಿನದಿಂದ 14ನೇ ದಿನದವರೆಗೆ. 35 ದಿನಗಳದ್ದಾದರೆ ಸುಮಾರು 16ರಿಂದ 21ರವರೆಗೆ. ಆರೋಗ್ಯವಂತ ಯುವ ದಂಪತಿಗಳಿಗೂ ಒಂದು ಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕೈದರಲ್ಲಿ ಒಂದು ಪಾಲು ಅಷ್ಟೇ.

ಈಗ ಕಾಪುವಿನ ಸೊಸೆಯ ಲೆಕ್ಕಕ್ಕೆ ಬರೋಣ. ಗಂಡನಿಗೆ ಸಿಕ್ಕಿದ್ದು 30 ದಿನದ ರಜೆ. ಅದರಲ್ಲಿ ಸಿಗುವುದು ಒಂದೇ ಅವಕಾಶ. ಚಕ್ರ ದೀರ್ಘವಾಗಿದ್ದು ಆರು ದಿನಗಳು ಮುಗಿದ ಮೇಲೆ ವಿಮಾನ ಇಳಿದರೆ ಆ ಒಂದೂ ಕೈತಪ್ಪಬಹುದು. ವೈದ್ಯರು ಬಂಜೆತನದ ಪರೀಕ್ಷೆಗೆ ಹೇಳುವುದು ದಂಪತಿ ಒಂದು ವರ್ಷ ಒಟ್ಟಿಗೆ ಬದುಕಿ, ಯಾವ ತಡೆಯೂ ಇಲ್ಲದೆ ಸೇರಿಯೂ ಗರ್ಭ ನಿಲ್ಲದಿದ್ದಾಗ. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಿಗೆ. ಮದುವೆ ಕಾಗದದ ತಾರೀಕಿನಿಂದ ವರ್ಷ ಎಣಿಸುವುದಲ್ಲ, ಒಟ್ಟಿಗೆ ಕಳೆದ ತಿಂಗಳುಗಳನ್ನು ಎಣಿಸಬೇಕು. ಈ ಒಂದು ಮಾತು ಅತ್ತೆ ಮಾವಂದಿರಿಗೆ ತಿಳಿದರೆ ಎಷ್ಟೋ ಮನೆಗಳಲ್ಲಿ ಕಣ್ಣೀರು ನಿಲ್ಲುತ್ತದೆ.

ಗರ್ಭದೊಳಗೆ

ಅಂಡ ಮತ್ತು ವೀರ್ಯಾಣು ಸೇರುವುದು ಗರ್ಭಕೋಶದಲ್ಲಿ ಅಲ್ಲ, ಅಂಡನಾಳದಲ್ಲಿ. ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಒಂದು ಮಾತ್ರ ಅಂಡದೊಳಗೆ ಸೇರುತ್ತದೆ. ಆ ಒಂದು ಜೀವಕೋಶ ಎರಡಾಗಿ, ನಾಲ್ಕಾಗಿ ಒಡೆಯುತ್ತಾ ನಾಲ್ಕೈದು ದಿನಗಳಲ್ಲಿ ಗರ್ಭಕೋಶಕ್ಕೆ ಬಂದು, ಬಳಿಕ ಒಳಪದರದಲ್ಲಿ ನೆಲೆಯೂರುತ್ತದೆ. ಕೆಲವೊಮ್ಮೆ ಅದು ನಾಳದಲ್ಲೇ ಉಳಿದುಬಿಡುತ್ತದೆ. ಮುಟ್ಟು ತಪ್ಪಿದ ಮೇಲೆ ಒಂದು ಬದಿಯಲ್ಲಿ ತೀವ್ರ ಹೊಟ್ಟೆನೋವು, ರಕ್ತಸ್ರಾವ, ತಲೆಸುತ್ತು ಬಂದರೆ ಅದು ನಾಳಗರ್ಭ ಇರಬಹುದು. ಅದು ಪ್ರಾಣಕ್ಕೆ ಅಪಾಯ. ರಾತ್ರಿಯಾಗಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸೂರಃ ಅಲ್ ಮೂಮಿನೂನ್‌ನಲ್ಲಿ ಗರ್ಭದೊಳಗಿನ ಹಂತಗಳ ಪ್ರಸ್ತಾಪವನ್ನು ನಾವು ಓದುತ್ತೇವೆ. ಇಂದು ಸ್ಕ್ಯಾನಿಂಗ್‌ನಲ್ಲಿ ಆ ಬೆಳವಣಿಗೆಯನ್ನು ವಾರ ವಾರಕ್ಕೆ ಕಾಣಬಹುದು. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಆರು ಏಳನೇ ವಾರಕ್ಕೆ ಹೃದಯದ ಮಿಡಿತ ಕಾಣಿಸುತ್ತದೆ. 12ನೇ ವಾರಕ್ಕೆ ಐದಾರು ಸೆಂಟಿಮೀಟರ್‌ನ ಮಗುವಿಗೆ ಕೈಕಾಲು ಬೆರಳುಗಳು ಮೂಡಿರುತ್ತವೆ. ತಾಯಿಯ ರಕ್ತ ನೇರವಾಗಿ ಮಗುವಿನ ಮೈಗೆ ಹರಿಯುವುದಿಲ್ಲ. ನಡುವೆ ಇರುವ ಮಾಸು ತಾಯಿಯ ರಕ್ತದಿಂದ ಆಮ್ಲಜನಕ ಮತ್ತು ಪೋಷಣೆಯನ್ನು ಹೀರಿ ಹೊಕ್ಕುಳಬಳ್ಳಿಯ ಮೂಲಕ ಕೊಡುತ್ತದೆ. ಒಟ್ಟು 40 ವಾರ, ಅಂದರೆ 280 ದಿನ.

ಮಗುವಿನ ಮಿದುಳು ಮತ್ತು ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ. ತಾಯಿಗೆ ತಾನು ಗರ್ಭಿಣಿ ಎಂದು ತಿಳಿಯುವ ಹೊತ್ತಿಗೆ ಅದು ಮುಗಿದಿರಬಹುದು. ಅದಕ್ಕೆ ಬೇಕಾದ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಆರಂಭಿಸಬೇಕು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಗಂಡ ಊರಿಗೆ ಟಿಕೆಟ್ ಮಾಡಿದ ದಿನವೇ ಹೆಂಡತಿ ವೈದ್ಯರನ್ನು ಕೇಳಿ ಆ ಮಾತ್ರೆ ಶುರುಮಾಡುವುದು ಒಳ್ಳೆಯದು.

ಗಂಡೋ ಹೆಣ್ಣೋ: ನಿರ್ಧಾರ ಎಲ್ಲಿಂದ?

ಮನುಷ್ಯನ ಪ್ರತಿ ಜೀವಕೋಶದಲ್ಲಿ 46 ವರ್ಣತಂತುಗಳಿವೆ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ಅವುಗಳಲ್ಲಿ ಒಂದು ಜೋಡಿ ಲಿಂಗವನ್ನು ನಿರ್ಧರಿಸುತ್ತದೆ. ಹೆಣ್ಣಿನಲ್ಲಿ ಎರಡೂ ಎಕ್ಸ್. ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ. ಆದ್ದರಿಂದ ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ಮಾತ್ರ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧದಲ್ಲಿ ಎಕ್ಸ್, ಉಳಿದ ಅರ್ಧದಲ್ಲಿ ವೈ. ಎಕ್ಸ್ ಹೊತ್ತದ್ದು ಸೇರಿದರೆ ಹೆಣ್ಣು, ವೈ ಹೊತ್ತದ್ದು ಸೇರಿದರೆ ಗಂಡು.

ಅಂದರೆ ಗಂಡು ಮಗು ಹೆರಲಿಲ್ಲ ಎಂದು ಹೆಂಡತಿಯನ್ನು ದೂರುವವನು, ಅವಳ ದೇಹದಲ್ಲಿ ಇಲ್ಲವೇ ಇಲ್ಲದ ವಸ್ತುವನ್ನು ಅವಳಿಂದ ಕೇಳುತ್ತಿದ್ದಾನೆ. ಹಾಗೆಂದು ಗಂಡನನ್ನು ದೂರಲೂ ಬರುವುದಿಲ್ಲ. ಯಾವ ವೀರ್ಯಾಣು ಸೇರಬೇಕೆಂಬುದು ಅವನ ಕೈಯಲ್ಲೂ ಇಲ್ಲ, ಅದು ಅಲ್ಲಾಹನ ತೀರ್ಮಾನ. ಪ್ರವಾದಿ(ಸ)ರ ಗಂಡುಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಬೆಳೆದು ದೊಡ್ಡವರಾದವರು ನಾಲ್ವರು ಹೆಣ್ಣುಮಕ್ಕಳು. ಹೆಣ್ಣುಮಗು ಹುಟ್ಟಿದ ಸುದ್ದಿಗೆ ಮುಖ ಕಪ್ಪಾಗಿಸಿಕೊಳ್ಳುವವರನ್ನು ಕುರ್‌ಆನ್ ಖಂಡಿಸಿದೆ ಎಂಬುದನ್ನು ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಗರ್ಭದಲ್ಲಿ ಯಾವ ಮಗು ಎಂದು ಪತ್ತೆಮಾಡಿಸುವುದು 1994ರ ಕಾನೂನಿನ ಪ್ರಕಾರ ಅಪರಾಧ. ಹೇಳುವ ವೈದ್ಯನಿಗಷ್ಟೇ ಅಲ್ಲ, ಕೇಳುವವರಿಗೂ ಶಿಕ್ಷೆ ಇದೆ.

ಮಗು ಆಗದಿದ್ದರೆ ಇಬ್ಬರೂ ಹೋಗಿ

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಜೀವನದ ಯಾವುದಾದರೂ ಹಂತದಲ್ಲಿ ಬಂಜೆತನದ ಕಷ್ಟವನ್ನು ಕಾಣುತ್ತಾರೆ. ಇದು ಯಾರದೋ ಪಾಪದ ಫಲವಲ್ಲ, ಹಲವರಿಗೆ ಬರುವ ಆರೋಗ್ಯ ಸಮಸ್ಯೆ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಆದರೂ ನಮ್ಮಲ್ಲಿ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಹೆಂಡತಿ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ನಾಳದ ಪರೀಕ್ಷೆ ಎಲ್ಲವೂ ಅವಳಿಗೆ. ವರ್ಷಗಳ ನಂತರ ಗಂಡನ ವೀರ್ಯ ಪರೀಕ್ಷೆ ಮಾಡಿಸಿದಾಗ ಕಾರಣ ಅಲ್ಲಿ ಸಿಗುವುದುಂಟು. ವೀರ್ಯ ಪರೀಕ್ಷೆ ನೋವಿಲ್ಲದ, ಕಡಿಮೆ ಖರ್ಚಿನ ಸರಳ ಪರೀಕ್ಷೆ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಮಾದರಿ ಕೊಟ್ಟರೆ ಆಯಿತು. ಒಂದು ವರದಿ ಸರಿಯಿಲ್ಲದಿದ್ದರೆ ಕೆಲವು ವಾರಗಳ ನಂತರ ಮತ್ತೊಮ್ಮೆ ಮಾಡಿಸುತ್ತಾರೆ. ರಜೆಯಲ್ಲಿ ಬರುವವರು ಇದನ್ನು ಮೊದಲ ವಾರದಲ್ಲೇ ಮುಗಿಸಬೇಕು, ಹೊರಡುವ ಹಿಂದಿನ ದಿನಕ್ಕೆ ಇಡಬಾರದು.

ಹೆಣ್ಣಿನ ಕಡೆಯಲ್ಲಿ ಥೈರಾಯ್ಡ್, ಪಿಸಿಒಎಸ್, ಅಂಡನಾಳದ ತಡೆ, ಗರ್ಭಕೋಶದ ಕ್ಷಯ ಮೊದಲಾದ ಕಾರಣಗಳಿರಬಹುದು. ಹಲವಕ್ಕೆ ಮಾತ್ರೆಯಿಂದಲೇ ಪರಿಹಾರ ಇದೆ. ಹೆಚ್ಚಿನ ಚಿಕಿತ್ಸೆ ಬೇಕಾದವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ನೆರವಿನ ಸಂತಾನೋತ್ಪತ್ತಿ ಕೇಂದ್ರವಿದೆ. ಪ್ರನಾಳ ಶಿಶು ಚಿಕಿತ್ಸೆ ಇಸ್ಲಾಮಿನಲ್ಲಿ ಸರಿಯೇ ಎಂದು ಅನೇಕರು ಕೇಳುತ್ತಾರೆ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ದಾಂಪತ್ಯ ಬಂಧದಲ್ಲಿರುವ ಗಂಡನ ವೀರ್ಯ, ಹೆಂಡತಿಯ ಅಂಡ, ಅದೇ ಹೆಂಡತಿಯ ಗರ್ಭ ಇವಿಷ್ಟರೊಳಗೆ ನಡೆಯುವ ಚಿಕಿತ್ಸೆಗೆ ಅಗತ್ಯವಿದ್ದಾಗ ಅಡ್ಡಿಯಿಲ್ಲ, ಮೂರನೆಯವರು ಪ್ರವೇಶಿಸುವ ವಿಧಾನಗಳು ನಿಷಿದ್ಧ ಎಂದು ತೀರ್ಮಾನಿಸಿತು. ನಿಮ್ಮ ಸಂಗತಿಯನ್ನು ನಿಮ್ಮ ಉಲಮಾಗಳಲ್ಲಿ ಕೇಳಿ ತಿಳಿದುಕೊಳ್ಳಿ.

ಎಲ್ಲಾ ಪ್ರಯತ್ನದ ನಂತರವೂ ಮಗು ಆಗದವರು ಇದ್ದಾರೆ. ವಿಶ್ವಾಸಿಗಳ ಮಾತೆ ಹಝ್ರತ್ ಆಯಿಶಾ(ರ)ರಿಗೆ ಮಕ್ಕಳಿರಲಿಲ್ಲ. ಅವರ ಸ್ಥಾನಕ್ಕೆ ಅದರಿಂದ ಯಾವ ಕುಂದೂ ಬರಲಿಲ್ಲ. ನಮ್ಮ ಮನೆಯ ಸೊಸೆಯನ್ನು ಬಂಜೆ ಎಂದು ಕರೆಯುವ ನಾಲಗೆ ಇದನ್ನು ನೆನಪಿಡಬೇಕು.

ಮಕ್ಕಳಿಗೆ ಯಾವಾಗ ಹೇಳಬೇಕು?

ಬದಲಾವಣೆ ಬರುವ ಮೊದಲು. ಹುಡುಗಿಯರಲ್ಲಿ 8ರಿಂದ 13 ವರ್ಷದೊಳಗೆ, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ದೇಹ ಬದಲಾಗಲು ಶುರುವಾಗುತ್ತದೆ. ಆದ್ದರಿಂದ ಒಂಬತ್ತು ಹತ್ತು ವರ್ಷದ ಮಗಳಿಗೆ ಮುಟ್ಟಿನ ಬಗ್ಗೆ ತಾಯಿ ಹೇಳಿರಬೇಕು. ಪ್ಯಾಡ್ ಬಳಸುವುದು, ನಾಲ್ಕು ಗಂಟೆಗೊಮ್ಮೆಯಾದರೂ ಬದಲಿಸುವುದು, ಶುದ್ಧವಾದ ಮೇಲೆ ಗುಸ್ಲ್ ಮಾಡುವುದು, ಎಲ್ಲವನ್ನೂ ಕಲಿಸಬೇಕು. ಮೊದಲ ಒಂದೆರಡು ವರ್ಷ ಮುಟ್ಟು ಏರುಪೇರಾಗುವುದು ಸಹಜ. 15 ತುಂಬಿದರೂ ಮುಟ್ಟಾಗದಿದ್ದರೆ, ಏಳು ದಿನಕ್ಕಿಂತ ಹೆಚ್ಚು ರಕ್ತ ಹೋದರೆ, ಶಾಲೆಗೆ ಹೋಗಲಾರದಷ್ಟು ನೋವಿದ್ದರೆ ವೈದ್ಯರಿಗೆ ತೋರಿಸಿ. ಮದುವೆಯಾದರೆ ಸರಿಹೋಗುತ್ತದೆ ಎಂದು ಮುಂದೂಡಬೇಡಿ.

ಮಗನಿಗೆ ತಂದೆ ಹೇಳಬೇಕು. ಸ್ವಪ್ನಸ್ಖಲನ ಕಾಯಿಲೆಯಲ್ಲ, ಅದರಿಂದ ಶಕ್ತಿ ಸೋರಿಹೋಗುವುದಿಲ್ಲ, ಸ್ನಾನ ಮಾಡಿ ಫಜ್ರ್ ನಮಾಝ್‌ಗೆ ಹೊರಡಬಹುದು. ಇಷ್ಟು ತಿಳಿದರೆ ಅವನು ಹೆದರಿ ಗೋಡೆ ಜಾಹೀರಾತಿನ ನಕಲಿ ವೈದ್ಯರ ಬಳಿಗೆ ಹೋಗುವುದಿಲ್ಲ. ತಂದೆ ದೂರದೇಶದಲ್ಲಿದ್ದರೆ ಮಾವನೋ, ಉಸ್ತಾದರೋ ಆ ಜಾಗ ತುಂಬಲಿ. ನಾವು ಹೇಳದಿದ್ದರೆ ಮೊಬೈಲು ಹೇಳುತ್ತದೆ, ಅದು ಹೇಳುವ ರೀತಿ ನಮಗೆ ಗೊತ್ತೇ ಇದೆ. ತಮ್ಮ ಮೈಯ ಗುಪ್ತಭಾಗಗಳನ್ನು ಬೇರೆಯವರು ಮುಟ್ಟಬಾರದು, ಮುಟ್ಟಿದರೆ ಕೂಡಲೇ ನಮಗೆ ಹೇಳಬೇಕು ಎಂಬುದನ್ನಂತೂ ಸಣ್ಣ ಮಕ್ಕಳಿಗೂ ಕಲಿಸಬೇಕು.

ಮಣಿಪಾಲದಲ್ಲಿ ಅಂಗರಚನಾ ಮತ್ತು ರೋಗಶಾಸ್ತ್ರದ ವಸ್ತುಸಂಗ್ರಹಾಲಯ ಇದೆ, ಸಾರ್ವಜನಿಕರೂ ನೋಡಬಹುದು. ದೇಹದ ಬಗ್ಗೆ ಮಾತು ಆರಂಭಿಸಲು ತಡವರಿಸುವ ಹೆತ್ತವರಿಗೆ, ದೊಡ್ಡ ಮಕ್ಕಳೊಂದಿಗೆ ಅಲ್ಲಿ ಕಳೆಯುವ ಒಂದು ಗಂಟೆ ನೆರವಾದೀತು. ಸರಕಾರಿ ತಾಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ವಿವರ ಸಿಗುತ್ತದೆ.

ಉಡುಪಿಯ ಸರಕಾರಿ ತಾಯಿ ಮತ್ತು ಮಕ್ಕಳ ಆಸ್ಪತ್ರೆಯ ಹೆಸರಿನಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹೆಸರೂ ಇದೆ. 1906ರಲ್ಲಿ ಉಡುಪಿಯಲ್ಲಿ ಬ್ಯಾಂಕ್ ಕಟ್ಟಿದ ಅದೇ ಮಹನೀಯರು ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗಾಗಿ ತಮ್ಮ ಜಮೀನನ್ನು ದಾನ ಮಾಡಿದ್ದರು. ಹೆರಿಗೆಯ ಹೆಂಗಸರ ಕಷ್ಟ ಇಡೀ ಊರಿನ ಹೊಣೆ ಎಂದು ಅಂದೇ ತಿಳಿದಿದ್ದ ಹಿರಿಯರು ನಮ್ಮಲ್ಲಿದ್ದರು. ನಮ್ಮಿಂದ ಜಮೀನು ಕೊಡಲಾಗದಿದ್ದರೂ ಇಷ್ಟನ್ನು ಮಾಡಬಹುದು: ಮುಂದಿನ ಬಾರಿ ವಿಶೇಷ ಉಂಟಾ ಎಂಬ ಪ್ರಶ್ನೆ ಬಾಯಿಗೆ ಬಂದಾಗ ಅದನ್ನು ನುಂಗಿಕೊಳ್ಳೋಣ. ಪರೀಕ್ಷೆಗೆ ಸೊಸೆಯನ್ನು ಕಳುಹಿಸುವ ದಿನ ಮಗನನ್ನೂ ಜೊತೆಗೆ ಕಳುಹಿಸೋಣ. ಇಂದು ರಾತ್ರಿ ಮಗಳನ್ನು ಹತ್ತಿರ ಕೂರಿಸಿಕೊಂಡು, ಅವಳು ಹೆದರುವ ದಿನ ಬರುವ ಮೊದಲೇ, ಹೇಳಬೇಕಾದ ಮಾತನ್ನು ಹೇಳೋಣ. ನಮ್ಮ ಮನೆಗಳಿಗೆ ಉಪಯುಕ್ತ ಜ್ಞಾನವನ್ನೂ ಕರುಣೆಯ ನಾಲಗೆಯನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.